ಮೊದಲ ಬಸ್ಸು ಬಿಟ್ಟುಕೊಟ್ಟ ಡ್ರೈವರಕ್ಕ

ಆ ಮನೆಯಲ್ಲಿ ದಿನವೂ ಬೆಳಗಿನ ಜಾವ ಮೂರೂವರೆಗೆ ಜಗಳ ಶುರುವಾಗುತ್ತಿತ್ತು. ಮೊದಲು ಅಲಾರಂ ಬಡಿದುಕೊಳ್ಳುತ್ತಿತ್ತು. ಸದ್ದು ಜೋರಾಗಲಿ ಎಂದು ಅಪ್ಪ ಅದನ್ನು ಖಾಲಿ ಪಾತ್ರೆಯೊಳಗೆ ಇಡುತ್ತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಎದ್ದರೂ ಮಗಳು ಏಳುತ್ತಿರಲಿಲ್ಲ.

“ಎದ್ದೇಳೇ. ಬಸ್ಸು ನಿನಗೋಸ್ಕರ ಕಾಯುತ್ತಾ?” ಎಂದು ಅಪ್ಪ ಹೊದಿಕೆ ಎಳೆಯುತ್ತಿದ್ದರು.

“ಡ್ರೈವರ್ ನಾನೇ ಅಲ್ವಾ ಅಪ್ಪ? ಕಾಯಲೇಬೇಕು,” ಎಂದು ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

ತಮಾಷೆ ಬಾಯಲ್ಲಿ ಮಾತ್ರ. ಅಪ್ಪ ಮೂವತ್ತು ವರ್ಷ ಊರಿನ ಮೊದಲ ಬಸ್ಸು ಓಡಿಸಿದವರು. ಒಂದು ದಿನವೂ ತಡ ಮಾಡಿದವರಲ್ಲ. ಅವರು ನಿವೃತ್ತರಾದಾಗ, ಬೆಳಗ್ಗೆ ಐದಕ್ಕೆ ಡಿಪೋ ಬಿಡುವ ಅದೇ ಬಸ್ಸನ್ನು ಮಗಳು ಆಸೆಪಟ್ಟು ಕೇಳಿ ಪಡೆದಿದ್ದಳು. ರಾತ್ರಿ ಒಂಬತ್ತಕ್ಕೇ ದೀಪ ಆರಿಸಿ ಮಲಗುತ್ತಿದ್ದಳು. ಫೋನ್ ಮುಟ್ಟುತ್ತಿರಲಿಲ್ಲ. ಆದರೂ ಹನ್ನೆರಡೂವರೆಯವರೆಗೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ದಿನಕ್ಕೆ ಮೂರೇ ಗಂಟೆ ನಿದ್ದೆಯಲ್ಲಿ ಎಂಟು ತಿಂಗಳು ಕಳೆದಳು.

ಒಂದು ದಿನ ಬೆಳಗ್ಗೆ ಆರರ ಹೊತ್ತಿಗೆ, ಆಸ್ಪತ್ರೆ ತಿರುವಿನಲ್ಲಿ, ಅವಳ ರೆಪ್ಪೆಗಳು ಕೂಡಿಬಿಟ್ಟವು. ಕಂಡಕ್ಟರ್ “ಅಕ್ಕಾ” ಎಂದು ಕೂಗಿದಾಗ ಬಸ್ಸಿನ ಎಡಗಾಲಿ ಫುಟ್‌ಪಾತ್ ಹತ್ತಿತ್ತು. ಬ್ರೇಕ್ ಒತ್ತಿದಳು. ಬಸ್‌ಸ್ಟಾಪಿನ ಬೆಂಚಿನ ಮೇಲೆ ಮೂವರು ಕುಳಿತಿದ್ದರು. ಅವರಿಂದ ಒಂದು ಮಾರು ದೂರದಲ್ಲಿ ಬಸ್ಸು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಕಂಡಕ್ಟರ್ ಒಳ್ಳೆಯ ಮನುಷ್ಯ. ಮೆಲ್ಲಗೆ ಹೇಳಿದ. “ಬ್ರೇಕ್ ಹಿಡೀಲಿಲ್ಲ ಅಂತ ಬರೆದುಬಿಡಿ ಅಕ್ಕ. ಕೇಳಿದ್ರೆ ನಾನೂ ಹಾಗೇ ಹೇಳ್ತೀನಿ.”

“ಬ್ರೇಕ್ ಹಿಡಿದಿದ್ದಕ್ಕೇ ಅಲ್ವಾ ಆ ಮೂರು ಜನ ಉಳಿದದ್ದು? ಪಾಪ, ಅದಕ್ಕೆ ಯಾಕೆ ಕೆಟ್ಟ ಹೆಸರು?” ಎಂದಳು.

ಡಿಪೋಗೆ ಬಂದು ವರದಿಯಲ್ಲಿ ಬರೆದಳು: “ಗಾಡಿ ಸರಿಯಾಗಿದೆ. ನನಗೆ ನಿದ್ದೆ ಬಂತು.” ಜೊತೆಗೆ ರಾಜೀನಾಮೆ ಪತ್ರವನ್ನೂ ಇಟ್ಟಳು.

ಡಿಪೋ ಮ್ಯಾನೇಜರ್ ಎರಡೆರಡು ಸಲ ಓದಿದರು. ಅವರ ಇಷ್ಟು ವರ್ಷದ ಕೆಲಸದಲ್ಲಿ ಅಂಥ ವರದಿ ಮೇಜಿಗೆ ಬಂದಿರಲಿಲ್ಲ. ರಾಜೀನಾಮೆಯನ್ನು ಮಡಿಸಿ ವಾಪಸು ಕೊಟ್ಟರು. “ಇಷ್ಟು ನಿಜ ಹೇಳೋ ಡ್ರೈವರನ್ನ ನಾನೆಲ್ಲಿ ಹುಡುಕಲಿ? ಮೊದಲು ಸಿಸ್ಟರ್ ಹತ್ತಿರ ಹೋಗಮ್ಮ.”

ಸಿಸ್ಟರ್ ಎಂದರೆ ಡಿಪೋದ ಚಿಕಿತ್ಸಾ ಕೊಠಡಿಯ ನರ್ಸ್. ಅವರು ಗೊರಕೆ ಬರುತ್ತದೆಯೇ, ಬೇರೆ ಚಿಂತೆ ಇದೆಯೇ ಎಂದೆಲ್ಲ ಕೇಳಿದರು. ಡಾಕ್ಟರಿಗೂ ತೋರಿಸಿದರು. ಕಾಯಿಲೆ ಏನೂ ಇರಲಿಲ್ಲ.

“ಎರಡು ವಾರ ರಜೆ ಹಾಕಿ,” ಎಂದರು ಸಿಸ್ಟರ್. “ಅಲಾರಂ ಬೇಡ. ನಿದ್ದೆ ಬಂದಾಗ ಮಲಗಿ, ಎಚ್ಚರ ಆದಾಗ ಏಳಿ. ಎರಡೂ ಹೊತ್ತನ್ನ ಒಂದು ಹಾಳೇಲಿ ಬರೆದಿಡಿ.”

ಆ ಎರಡು ವಾರ ಅಪ್ಪನ ಮುಖ ಊದಿಕೊಂಡೇ ಇತ್ತು. ಕೊನೆಯ ದಿನ ಸಿಸ್ಟರ್ ಮನೆಗೇ ಬಂದು ಹಾಳೆ ನೋಡಿದರು. ಮೊದಲ ನಾಲ್ಕು ದಿನ ಹಳೆಯ ಸುಸ್ತಿಗೆ ಹೆಚ್ಚು ಮಲಗಿದ್ದಳು. ಆಮೇಲೆ ದಿನವೂ ಹನ್ನೆರಡೂವರೆಗೆ ನಿದ್ದೆ, ಎಂಟೂವರೆಗೆ ಎಚ್ಚರ.

“ಇದಕ್ಕೆ ಔಷಧಿ ಏನು?” ಎಂದು ಅಪ್ಪ ಕೇಳಿದರು.

“ಕಾಯಿಲೆ ಇದ್ರೆ ತಾನೇ ಔಷಧಿ?”

“ಹಾಗಾದ್ರೆ ಸೋಮಾರಿತನ.”

ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದರು. “ಇವರು ರಾತ್ರಿ ಎಂಟಕ್ಕೆ ತಟ್ಟೆ ಮುಂದೆ ಕೂತೇ ತೂಕಡಿಸ್ತಾರೆ ಸಿಸ್ಟರ್. ಮೊನ್ನೆ ಮೂಗು ಅನ್ನಕ್ಕೇ ತಾಗಿತು.”

“ಅದಕ್ಕೆ ನಿಮ್ಮನ್ನ ಯಾರಾದ್ರೂ ಸೋಮಾರಿ ಅಂದಿದ್ದಾರಾ ಯಜಮಾನ್ರೇ?” ಎಂದರು ಸಿಸ್ಟರ್.

ಅಪ್ಪ ಹಾಳೆಯನ್ನು ಎಳೆದುಕೊಂಡು ಮತ್ತೆ ನೋಡತೊಡಗಿದರು. ಸಿಸ್ಟರ್ ಮುಂದುವರಿಸಿದರು.

“ಎಲ್ಲರ ಮೈಯೊಳಗೂ ಒಂದು ಗಡಿಯಾರ ಇರುತ್ತೆ. ನಿಮ್ಮದು ಬೇಗ ನಿದ್ದೆ ತರುತ್ತೆ, ಬೇಗ ಎಬ್ಬಿಸುತ್ತೆ. ಇವಳದು ಎರಡನ್ನೂ ತಡವಾಗಿ ಮಾಡುತ್ತೆ. ಎತ್ತರ, ಬಣ್ಣ ಇದ್ದ ಹಾಗೆ ಇದೂ ಸ್ವಲ್ಪಮಟ್ಟಿಗೆ ಹುಟ್ಟಿನಿಂದ ಬರುತ್ತೆ. ವಯಸ್ಸಿನ ಜೊತೆ ಬದಲಾಗೋದೂ ಉಂಟು.”

“ಅಭ್ಯಾಸ ಮಾಡಿದ್ರೆ ಸರಿಹೋಗಲ್ವಾ?”

“ಒಂದಷ್ಟು ಸರಿಹೋಗುತ್ತೆ. ಬೆಳಗಿನ ಬೆಳಕಲ್ಲಿ ಓಡಾಡಬೇಕು, ದಿನಾ ಒಂದೇ ಹೊತ್ತಿಗೆ ಏಳಬೇಕು. ಅರ್ಧ ಗಂಟೆಯೋ ಒಂದು ಗಂಟೆಯೋ ಹಿಂದಕ್ಕೆ ಬರಬಹುದು. ಇವಳ ಗಡಿಯಾರ ಹಿಂದಕ್ಕೆ ಬರಬೇಕಾಗಿರೋದು ಐದು ಗಂಟೆ. ಅದಕ್ಕೆ ಎಂಟು ತಿಂಗಳು ಹೋರಾಡಿದ್ದಾಳೆ. ಬೇರೆಯವರಾಗಿದ್ರೆ ಎಂಟು ದಿನಕ್ಕೇ ಕೈ ಎತ್ತಿರೋರು.”

“ಆದ್ರೆ ಇವಳು ನನ್ನ ಮಗಳಲ್ವಾ?”

“ಮನೇಲಿ ತಡವಾಗಿ ಏಳೋರು ಬೇರೆ ಯಾರೂ ಇರಲಿಲ್ವಾ?”

“ನಮ್ಮಮ್ಮ ಇದ್ರು,” ಎಂದು ಅಮ್ಮ ಸಣ್ಣ ದನಿಯಲ್ಲಿ ಹೇಳಿದರು.

“ನೋಡಿ, ಅತ್ತೆ ಹೋದ್ರೂ ಗಡಿಯಾರ ಬಿಟ್ಟು ಹೋಗಿದ್ದಾರೆ,” ಎಂದರು ಅಪ್ಪ. ಎಲ್ಲರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಮಗಳೂ ನಕ್ಕಳು. ಅಪ್ಪನ ನಗು ಮಾತ್ರ ಅರ್ಧಕ್ಕೇ ನಿಂತಿತು. “ಇಷ್ಟು ದಿನ ನಾನು ನಿನ್ನನ್ನ ಸುಮ್ಮನೆ ಬೈದೆ,” ಎಂದರು.

“ನೀವೊಬ್ಬರೇ ಅಲ್ಲ ಅಪ್ಪ. ನಾನೂ ನನ್ನನ್ನ ಬೈಕೊಂಡೆ.”

ಮರುದಿನ ಅಪ್ಪನೇ ಡಿಪೋಗೆ ಹೋದರು. “ಸರ್, ಇಲ್ಲಿದ್ದ ಅಷ್ಟು ವರ್ಷ ನಾನು ಏನನ್ನೂ ಕೇಳಲಿಲ್ಲ. ಈಗ ಒಂದು ಕೇಳ್ತೀನಿ. ಮಗಳ ಪಾಳಿ ಬದಲಾಯಿಸಿ.”

ಮ್ಯಾನೇಜರ್ ಆಗಲೇ ಹುಡುಕಾಟ ನಡೆಸಿದ್ದರು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಪಾಳಿಯಲ್ಲಿ ಒಬ್ಬ ಡ್ರೈವರ್ ಇದ್ದ. ಏಳು ಗಂಟೆಯಾದರೆ ಬಾಯಿ ಮುಚ್ಚಲಾಗದಷ್ಟು ಆಕಳಿಸುವುದರಿಂದ ಎಲ್ಲರೂ ಅವನನ್ನು ಆಕಳಿಕೆ ಅಣ್ಣ ಎನ್ನುತ್ತಿದ್ದರು. ಬೆಳಗಿನ ಬಸ್ಸು ಸಿಗುತ್ತದೆ ಎಂದಾಗ ಅವನು ಕುರ್ಚಿಯಿಂದ ಎದ್ದೇ ನಿಂತ. “ನಾಲ್ಕಕ್ಕೆ ಎದ್ದು ಮನೇಲಿ ಗೋಡೆ ನೋಡ್ತಾ ಕೂರ್ತೀನಿ ಸರ್. ಇವತ್ತೇ ಕೊಡಿ.”

ಇಬ್ಬರೂ ಪಾಳಿ ಬದಲಾಯಿಸಿಕೊಂಡರು. ಆಮೇಲೆ ಇನ್ನೂ ಆರು ಮಂದಿ ಡ್ರೈವರುಗಳು ಸಿಸ್ಟರ್ ಬಳಿ ಬಂದು, “ನನಗೂ ಒಂದು ಹಾಳೆ ಕೊಡಿ” ಎಂದರು. ನಿದ್ದೆ ಬಂತು ಎಂದು ಬರೆಯುವ ಧೈರ್ಯ ಒಬ್ಬಳಿಗೆ ಇದ್ದುದರಿಂದ ಅವರಿಗೂ ಬಾಯಿ ಬಂದಿತ್ತು. ಈಗ ಆ ಡಿಪೋದಲ್ಲಿ ಪಾಳಿಯ ಪಟ್ಟಿ ಮಾಡುವ ಮೊದಲು ಎಲ್ಲರ ನಿದ್ದೆಯ ಹೊತ್ತು ಕೇಳುತ್ತಾರೆ. ಎಲ್ಲರಿಗೂ ಬೇಕಾದ ಪಾಳಿ ಸಿಗುವುದಿಲ್ಲ. ಆದರೂ ಕೇಳುತ್ತಾರೆ.

ಮೂರು ತಿಂಗಳ ಮೇಲೆ ಒಂದು ಸಂಜೆ ಅಪ್ಪ ಮಗಳಿಗೆ ಹೇಳದೆ ಅವಳ ಬಸ್ಸು ಹತ್ತಿದರು. ಕೆಲಸ ಬಿಟ್ಟ ಹೊತ್ತು, ಕಾಲಿಡಲು ಜಾಗವಿಲ್ಲ. ಇಕ್ಕಟ್ಟಿನ ಮಾರುಕಟ್ಟೆ ಬೀದಿಯಲ್ಲಿ ಅವಳು ಬಸ್ಸನ್ನು ಯಾರಿಗೂ ತಾಗದಂತೆ ತಿರುಗಿಸಿದಳು. ಓಡಿ ಬರುತ್ತಿದ್ದ ಮುದುಕಿಯೊಬ್ಬಳನ್ನು ಕನ್ನಡಿಯಲ್ಲಿ ಕಂಡು ನಿಲ್ಲಿಸಿದಳು. ಅಪ್ಪ ಪಕ್ಕದವರಿಗೆ ಹೇಳಿದರು. “ನಾನೂ ಡ್ರೈವರೇ. ಆ ಬೀದಿಯ ತಿರುವು ನನಗೆ ಇಷ್ಟು ಚೆನ್ನಾಗಿ ಯಾವತ್ತೂ ಬರಲಿಲ್ಲ.”

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಬೈಯುವ ಮೊದಲು, ರಜೆಯ ದಿನಗಳಲ್ಲಿ ಅವರಿಗೆ ತಾನಾಗಿ ನಿದ್ದೆ ಬರುವ ಹೊತ್ತು, ಎಚ್ಚರವಾಗುವ ಹೊತ್ತು ಬರೆದು ನೋಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಕಾಯಿಲೆ ಇದ್ದರೆ ಗೊತ್ತಾಗಲಿ. ಪಾಳಿ ಬದಲಾಯಿಸಲು ಸಾಧ್ಯವೇ ಎಂದು ಕೆಲಸದ ಜಾಗದಲ್ಲಿ ಸಂಕೋಚವಿಲ್ಲದೆ ಕೇಳಿ. ಕೆಲಸ ಕೊಡುವವರೇ, ಕೇಳಲು ಬಂದವರನ್ನು ಕೂರಿಸಿ ಮಾತಾಡಿಸಿ. ಗಾಡಿಯ ಮುಂದೆ, ಯಂತ್ರದ ಮುಂದೆ ಇರುವಾಗ ಕಣ್ಣು ಎಳೆದರೆ ಕೆಲಸ ನಿಲ್ಲಿಸಿ, ನಿದ್ದೆ ಬರುತ್ತಿದೆ ಎಂದು ಹೇಳಿ. ಹಾಗೆ ಹೇಳಿದವರ ಬೆನ್ನು ತಟ್ಟಿ.