ಮಗನ ಕೈ ನೀರು

"ನಾವೂ ಒಂದೊಂದು ಚೊಂಬು ನೀರು ಹಾಕ್ತೀವಿ ಮಾಬುನ್ನಕ್ಕ," ಎಂದು ಬೀರಲಿಂಗೇಶ ಅಂಗಳಕ್ಕೆ ಕಾಲಿಡುವ ಮೊದಲೇ ಹೇಳಿದ. ಹಂಡೆಯಿಂದ ಬಿಸಿನೀರು ತೋಡುತ್ತಿದ್ದ ಮಾಬುನ್ನಿಯ ಕೈ ತಪ್ಪಿ ಚೊಂಬು ಒಳಗೇ ಮುಳುಗಿತು. ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡಳು.

ಒಳಗೆ ನಡುಮನೆಯಲ್ಲಿ ಅವಳ ಅಪ್ಪ ಹೊನ್ನೂರಸಾಬ ಬಿಳಿ ಚಾದರದ ಕೆಳಗೆ ಮಲಗಿದ್ದ. ಬೆಳಗಿನ ಬಾಂಗ್ ಮುಗಿಯುವಷ್ಟರಲ್ಲಿ ಕಲಮಾ ಹೇಳುತ್ತ ಜೀವ ಬಿಟ್ಟಿದ್ದ. ಎಪ್ಪತ್ತನಾಲ್ಕು ವರ್ಷ. ಕೊಟ್ಟೂರಿನ ಪಿಂಜಾರ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದು ಬಾಳಿದ ಮನುಷ್ಯ. ಊರಿನ ಅರ್ಧ ಸಂಸಾರಗಳು ತನ್ನ ಗಾದಿಯ ಮೇಲೇ ಶುರುವಾದವು ಎಂದು ಹೇಳಿ ಹೆಂಗಸರನ್ನು ನಾಚಿಸುವುದು ಅವನ ಚಾಳಿ. ಮೊಹರಂ ಬಂತೆಂದರೆ ಮಾತ್ರ ಆ ಹುಡುಗಾಟ ನಿಲ್ಲುತ್ತಿತ್ತು. ಕೋಲಿನ ತುದಿಗೆ ಕೂಡಿಸಿದ ಹಿತ್ತಾಳೆಯ ಹಸ್ತ, ಅಂದರೆ ಪಂಜಾ, ಊರವರ ಬಾಯಲ್ಲಿ ಪೀರಲ ದೇವರು, ಅದನ್ನು ನಲವತ್ತು ವರ್ಷ ಹಿಡಿದು ಓಣಿ ಓಣಿ ನಡೆದಿದ್ದ.

ಹಾಗೆ ದೇವರು ಹಿಡಿದವನು ಸತ್ತರೆ, ಜೊತೆಗೆ ನಡೆದವರೆಲ್ಲ ಅವನ ಕಡೆಯ ಸ್ನಾನಕ್ಕೆ ಒಂದೊಂದು ಚೊಂಬು ನೀರು ಹಾಕಬೇಕು. ಹಿಂದುವೋ ಮುಸಲ್ಮಾನನೋ ಎಂದು ಯಾರೂ ಕೇಳುವುದಿಲ್ಲ. ಇದು ಈ ಓಣಿಯ ಪದ್ಧತಿ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿರುವ ಬೀರಲಿಂಗೇಶ, ಅವನವ್ವ ಬೊಮ್ಮಮ್ಮ ಪೀರಲ ದೇವರಿಗೆ ಹರಕೆ ಹೊತ್ತು ಹಡೆದ ಮಗ. ಹದಿನೈದು ವರ್ಷದಿಂದ ಹೊನ್ನೂರಸಾಬನ ತಲೆಯ ಮೇಲೆ ದೇವರ ಛತ್ರಿ ಹಿಡಿದವನು. ಅವನ ಹಿಂದೆ ಇವತ್ತು ಏಳೆಂಟು ಹುಡುಗರು ಬಂದಿದ್ದರು.

"ಮೂರು ವಾರದಿಂದ ಅಜ್ಜ ಹೊರಗ ಬರಲಿಲ್ಲ. ಈ ಸಲ ದೇವರನ್ನೂ ಹಿಡಿಲಿಲ್ಲ. ನೋಡಾಕ ಬಂದ್ರ ನೀವು ಬಾಗಿಲದಾಗ ಮಾತಾಡಿಸಿ ಕಳಿಸಿದ್ರಿ," ಎಂದ ಬೀರಲಿಂಗೇಶ. ದನಿ ಮೆತ್ತಗಿತ್ತು, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. "ಊರಾಗ ಏನೇನೋ ಅಂತಾರಕ್ಕ. ಯಾರೋ ಹೊಡದಾರ ಅಂತಾರ. ನಾನು ನಂಬಿಲ್ಲ. ಕಣ್ಣಾರೆ ನೋಡಿ ನೀರು ಹಾಕಿದ್ರ ನನಗೂ ಸಮಾಧಾನ."

ಅಪ್ಪನ ಎಡಪಕ್ಕೆಯಲ್ಲಿ, ಕಂಕುಳಿಂದ ಗೇಣು ಕೆಳಗೆ, ನಾಲ್ಕು ಬೆರಳಗಲದ ಗಾಯವಿತ್ತು. ಕೀವು ಕಟ್ಟಿ ಕಪ್ಪಾಗಿತ್ತು. ಸ್ನಾನಕ್ಕೆ ಅಂಗಿ ತೆಗೆದರೆ ಕುರುಡನಿಗೂ ಕಾಣುವಂಥದು. ಮಾಡಿದವನು ಅವಳ ತಮ್ಮ ದಾದು. ಅದು ಈ ಹುಡುಗರಿಗೆ ಗೊತ್ತಾದರೆ ಮಣ್ಣು ಆಗುವ ಮೊದಲೇ ದಾದುವಿನ ಹೆಣ ಬೀಳುತ್ತದೆ, ಆಮೇಲೆ ಓಣಿಗೆ ಬೆಂಕಿ ಬೀಳುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಪಡಸಾಲೆಯಲ್ಲಿ ಕೂತಿದ್ದ ಹಳೇ ಮಸೀದಿಯಲ್ಲಿ ನಮಾಜು ಮಾಡಿಸುವ ಮುನೀರ್ ಹಜರತ್ ಕೋಲೂರಿ ಎದ್ದರು. "ಮೊದಲ ನೀರು ಮಗಂದು. ಮಗ ಬರಲಿ. ಪರದೆ ಒಳಗ ಯಾರು ಬರಬೇಕು, ಯಾರು ಬ್ಯಾಡ ಅನ್ನೋದು ಅವನ ಮಾತು. ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಎತ್ತಬೇಕು, ನೋಡ್ರಿ."

"ಆತು. ಅವನು ಬರಲಿ, ನಾವು ಕಾಯ್ತೀವಿ," ಎಂದು ಬೀರಲಿಂಗೇಶ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತ.

ಮಾಬುನ್ನಿಗೆ ಒಂದೇ ದಾರಿ ಕಂಡಿತು. ದಾದು ಬಂದರೆ ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕಾಫಿರರ ನೆರಳೂ ಬೇಡ ಎನ್ನುವವನು ಅವನು. ಅವನ ಆ ಬಿರುಸಿನಿಂದ ಐದು ವರ್ಷ ಬೆಂದಿದ್ದಳು. ಇವತ್ತು ಅದೇ ಬಿರುಸು ಅವಳಿಗೆ ಬೇಕಾಗಿತ್ತು. ಆದರೆ ಅಪ್ಪ ಸತ್ತ ಸುದ್ದಿ ಮುಟ್ಟಿ ಐದು ತಾಸಾದರೂ ಅವನು ಬಂದಿರಲಿಲ್ಲ. ಸೆರಗು ತಲೆಗೆಳೆದುಕೊಂಡು ಹಿತ್ತಲ ಬಾಗಿಲಿಂದ ಅವನ ಮೊಬೈಲ್ ರಿಪೇರಿ ಅಂಗಡಿಯ ಕಡೆ ಹೊರಟಳು.

*

ದಾದು ಮೊದಲು ಹೀಗಿರಲಿಲ್ಲ, ಇದಕ್ಕಿಂತ ಕೆಟ್ಟದಾಗಿದ್ದ. ಓಸಿ ಆಡುತ್ತಿದ್ದ, ಗುಟ್ಕಾ ಜಗಿಯುತ್ತಿದ್ದ, ಕುಡಿದು ಬಂದು ಹೆಂಡತಿಗೆ ಬಡಿಯುತ್ತಿದ್ದ. ಫೋನಿನಲ್ಲಿ ಯಾರದೋ ಧರ್ಮಬೋಧೆಯ ಬಯಾನು ಕೇಳಲು ಶುರುಮಾಡಿದ ಮೇಲೆ ಒಂದೊಂದಾಗಿ ಎಲ್ಲ ಬಿಟ್ಟ. ಐದು ಹೊತ್ತಿನ ನಮಾಜು ಹಿಡಿದ. ಹೊನ್ನೂರಸಾಬ ಆಗ ಕುಣಿದಾಡಿದ್ದ. ಓಣಿಗೆಲ್ಲ ಸಕ್ಕರೆ ಹಂಚಿದ್ದ. "ನನ್ನ ಮಗನ್ನ ಅಲ್ಲಾ ತಿರುಗಿ ಕೊಟ್ಟ," ಎಂದು ಸಿಕ್ಕವರಿಗೆಲ್ಲ ಹೇಳಿದ್ದ.

ಆಮೇಲೆ ದಾದುವಿನ ಮಾತು ಬದಲಾಯಿತು. ಕಿತಾಬಿನಲ್ಲಿ ಬರೆದದ್ದು ಬರೆದ ಹಾಗೆ, ಒಂದಕ್ಷರ ಆಚೀಚೆ ಇಲ್ಲ ಎನ್ನತೊಡಗಿದ. ಅಪ್ಪ ಪಂಜಾ ಹಿಡಿದಿದ್ದ ಫೋಟೋವನ್ನು ಗೋಡೆಯಿಂದ ಕಿತ್ತ. ಅಕ್ಕನನ್ನು ಆಪಾ ಎಂದು ಕರೆಯತೊಡಗಿದ. ಪಕ್ಕದ ಮನೆಯ ಬೊಮ್ಮಮ್ಮ ಕೊಟ್ಟ ಹೋಳಿಗೆಯನ್ನು ಅವಳ ಕಣ್ಣೆದುರೇ ಎಮ್ಮೆಗೆ ಹಾಕಿದ. ಆ ದಿನ ಹೊನ್ನೂರಸಾಬ ಮೊದಲ ಸಲ ಮಗನ ಮುಂದೆ ತಲೆತಗ್ಗಿಸಿ ಕೂತದ್ದನ್ನು ಮಾಬುನ್ನಿ ನೋಡಿದಳು.

ಮೂರು ವಾರದ ಹಿಂದೆ, ದೇವರು ಕೂಡಿಸುವ ಹಿಂದಿನ ದಿನ ಮಧ್ಯಾಹ್ನ, ಹೊನ್ನೂರಸಾಬ ಪಡಸಾಲೆಯಲ್ಲಿ ಕೂತು ಪಂಜಾಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಮಾಬುನ್ನಿ ಎದುರಿಗೆ ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ದಾದು ಒಳಗೆ ಬಂದವನೇ ನಿಂತುಬಿಟ್ಟ.

"ಇದನ್ನ ಮನಿಗೆ ತರಬ್ಯಾಡ ಅಂದಿದ್ನಿ. ಇದು ಬುತ್ತು, ಮೂರ್ತಿಪೂಜಿ. ಇದನ್ನ ಹಿಡಿದೋನು ದೀನಿನಿಂದ, ಧರ್ಮದಿಂದ ಹೊರಗ."

"ಇದು ದೇವರಲ್ಲ ಅಂತ ನನಗೂ ಗೊತ್ತೈತೋ ಮಗನ," ಎಂದ ಹೊನ್ನೂರಸಾಬ, ತಿಕ್ಕುವುದನ್ನು ನಿಲ್ಲಿಸದೆ. "ಹಿತ್ತಾಳಿ ಇದು. ಕರ್ಬಲದಾಗ ನೀರಿಲ್ಲದ ಸತ್ತವರ ನೆಪ್ಪಿಗೆ ಹಿಡಿತೀನಿ. ನೀನು ಸಣ್ಣಾವಿದ್ದಾಗ ನನ್ನ ಹೆಗಲ ಮ್ಯಾಲೆ ಕುಂತು ಹಿಡಿದೀ."

"ಅದಕ್ಕ ತಪ್ಪಾತು ಅಂತ ತೌಬಾ ಮಾಡೇನಿ," ಎಂದು ದಾದು ಪಂಜಾಕ್ಕೆ ಕೈ ಹಾಕಿ ಎಳೆದ. ಅಪ್ಪ ಬಿಡಲಿಲ್ಲ. ಮುದುಕನ ಕೈಯಲ್ಲಿ ಹತ್ತಿ ಹಿಂಜಿದ ಶಕ್ತಿ ಇನ್ನೂ ಉಳಿದಿತ್ತು. ಮಗ ಒಮ್ಮೆ ಜೋರಾಗಿ ದೂಡಿದ. ಹೊನ್ನೂರಸಾಬ ಪಂಜಾದ ಮೇಲೆಯೇ ಬಿದ್ದ. ದಾದು ಹಿಂದಿರುಗಿ ನೋಡದೆ ಹೋಗಿಬಿಟ್ಟ, ಆಮೇಲೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹಿತ್ತಾಳೆಯ ಬೆರಳು ಪಕ್ಕೆಗೆ ಇಳಿದಿತ್ತು. ಮಾಬುನ್ನಿ ದವಾಖಾನೆಗೆ ಹೋಗೋಣವೆಂದು ಅತ್ತಳು, ಬೇಡಿದಳು.

"ಅಲ್ಲಿ ಹ್ಯಾಂಗಾತು ಅಂತ ಕೇಳ್ತಾರ. ಪೊಲೀಸರಿಗೆ ಹೇಳ್ತಾರ," ಎಂದ ಅಪ್ಪ ಹಲ್ಲು ಕಚ್ಚಿ. "ಬೀರಲಿಂಗೇಶನ ಹುಡುಗರು ಅವನ್ನ ಜೀವಸಹಿತ ಬಿಡ್ತಾರೇನು? ಅವರು ಬಂದ್ರ ನಮ್ಮ ಹುಡುಗರು ಸುಮ್ಮನಿರ್ತಾರೇನು? ಕಾಲು ಜಾರಿ ಬಿದ್ದೆ ಅನ್ನು. ದಾದುಗೂ ಹೇಳಬ್ಯಾಡ."

ಸಕ್ಕರೆ ಕಾಯಿಲೆಯ ಮೈ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿದರೆ ಮಾಯುವ ಗಾಯವಾಗಿರಲಿಲ್ಲ. ಅದು ಗೊತ್ತಿದ್ದೂ ಅವಳು ದಿನಾ ತೊಳೆದಳು, ದಿನಾ ಕಟ್ಟಿದಳು, ಬಂದವರಿಗೆಲ್ಲ ಬಾಗಿಲಲ್ಲೇ ಸುಳ್ಳು ಹೇಳಿದಳು. ಹೇಳದೆ ತಾನೂ ಅಪ್ಪನನ್ನು ಕೊಂದೆನೇನೋ ಎಂಬ ಅಂಜಿಕೆ ಅವಳಿಗೆ ಬೆಳಗಿನಿಂದ ಹತ್ತಿತ್ತು.

*

ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಳು. ದಾದು ಬಿಚ್ಚಿಟ್ಟ ಫೋನೊಂದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕಣ್ಣು ಕೆಂಪಾಗಿದ್ದವು.

"ಬಾ ದಾದು. ಅಪ್ಪಗ ನೀರು ಹಾಕಬೇಕು. ಎಲ್ಲಾರೂ ಕಾಯಾಕತ್ಯಾರ."

"ನಾನು ಬರಂಗಿಲ್ಲ ಆಪಾ. ಅಲ್ಲಾಗ ಇನ್ನೊಂದು ದೇವರನ್ನ ಜೋಡಿ ಇಟ್ಟು, ಶಿರ್ಕ್ ಮಾಡಿ ಸತ್ತೋನಿಗೆ ಗುಸಲಿನ ಸ್ನಾನ ಇಲ್ಲ, ನಮಾಜಿಲ್ಲ. ಬರೆದದ್ದು ಹಂಗ ಐತಿ. ನಾನು ಬರೆದದ್ದಲ್ಲ."

"ಕಲಮಾ ಹೇಳಿ ಸತ್ತಾನ. ನಾನು ಕೇಳೇನಿ."

"ಬಾಯಿಲೆ ಹೇಳಿದ್ರ ಆತೇನು?"

"ಬಾಯಿಲೆ ಹೇಳಿದ್ರೂ ಆತು," ಎಂದು ಶಟರಿನ ಹೊರಗಿನಿಂದ ದನಿ ಬಂತು. ಮುನೀರ್ ಹಜರತ್ ಅವಳ ಹಿಂದೆಯೇ ಕುಂಟುತ್ತ ಬಂದಿದ್ದರು. ಬಗ್ಗಲಾರದೆ ಹೊರಗೇ ನಿಂತು ಮಾತಾಡಿದರು. ಒಳಗಿದ್ದವರಿಗೆ ಅವರ ಕಾಲು, ಕೋಲು ಮಾತ್ರ ಕಾಣುತ್ತಿದ್ದವು. "ಲಡಾಯಿದಾಗ ಸೋತ ವೈರಿ ಒಬ್ಬ ಕಲಮಾ ಅಂದ. ಅಂದ್ರೂ ಪೈಗಂಬರರ ಕಡಿಯಾವ ಒಬ್ಬ ಅವನ್ನ ಕೊಂದ. ಕತ್ತಿಗಂಜಿ ಅಂದಾನ, ಮನಸಿಲೆ ಅಲ್ಲ ಅಂತ ಬಂದು ಹೇಳಿದ. ಆಗ ಪೈಗಂಬರರು ಏನು ಕೇಳಿದ್ರು? ಅವನ ಎದಿ ಸೀಳಿ ನೋಡಿದ್ಯೇನು ಅಂತ ಕೇಳಿದ್ರು. ಅದೂ ಬರೆದೈತಲ್ಲೋ. ಅದನ್ನ ಯಾಕ ಓದಲಿಲ್ಲ?"

"ಓದೇನಿ ಹಜರತ್. ಕಣ್ಣಿಗೆ ಕಾಣೋ ಶಿರ್ಕಿಗೆ ಎದಿ ಯಾಕ ಸೀಳಬೇಕು? ನಲವತ್ತು ವರ್ಷ ಊರೆಲ್ಲ ನೋಡೈತಿ."

"ನಾನೂ ನಲವತ್ತು ವರ್ಷ ಅವಗ ಪಂಜಾ ಬ್ಯಾಡ ಅಂತ ಹೇಳೇನಿ. ಕೇಳಲಿಲ್ಲ, ಹಟಮಾರಿ. ಆದ್ರ ನನ್ನ ಹಿಂದ ನಿಂತು ನಮಾಜು ಓದ್ಯಾನ. ಅವನ ಲೆಕ್ಕ ಮಾಲಿಕನ ಕಡಿ ಐತಿ. ನಿನಗ್ಯಾಕ ಅಷ್ಟು ಅವಸರ?" ಹಜರತ್ ಕೋಲು ಹೊರಳಿಸಿ ನಿಂತರು. "ನೀನು ಬರದಿದ್ರ ನಾನ ತೊಳಿತೀನಿ. ಮತ್ತ ಆ ಹುಡುಗರನ್ನ ತಡೆಯೋ ಹಕ್ಕು ನನಗಿಲ್ಲ."

ಕೋಲಿನ ಸದ್ದು ದೂರವಾಯಿತು. ಹಜರತ್ ಗಾಯ ಕಂಡರೆ ಸುಳ್ಳಾಡುವವರಲ್ಲ. ಅಪ್ಪನಿಗೆ ಕೊಟ್ಟ ಮಾತನ್ನು ಮಾಬುನ್ನಿ ಮುರಿದಳು.

"ಎದಿ ಅಲ್ಲ, ಪಕ್ಕಿ ಸೀಳೈತಿ," ಎಂದಳು. "ನೀನು ದೂಡಿದಾಗ ಪಂಜಾದ ಬೆರಳು ಹೊಕ್ಕೈತಿ. ಅದಕ್ಕ ಸತ್ತಾನ. ದವಾಖಾನಿಗೆ ಬಾ ಅಂದ್ರ, ನಿನ್ನ ಹೆಸರು ಹೊರಗ ಬರ್ತೈತಿ ಅಂತ ಬರಲಿಲ್ಲ."

ದಾದು ಅವಳನ್ನು ನೋಡಿದ. "ಸುಳ್ಳು. ಕುಂತಾವನು ಬಿದ್ದ, ಅಷ್ಟ."

"ಬಂದು ನೋಡು. ನೀನು ತೊಳದ್ರ ನಿನಗ ಒಬ್ಬನಿಗೆ ಕಾಣ್ತೈತಿ. ಬ್ಯಾರೆಯವರು ತೊಳದ್ರ ಊರಿಗೆ ಕಾಣ್ತೈತಿ. ನಿನ್ನ ಕಾಲು ಬೀಳ್ತೀನಿ ದಾದು. ನೀನು ಹೋದ್ರ ನನಗ ಯಾರದಾರ?"

*

ಅಂಗಳದ ಮೂಲೆಯಲ್ಲಿ ನಾಲ್ಕು ಬಿದಿರು ನಿಲ್ಲಿಸಿ ಚಾದರ ಕಟ್ಟಿದ್ದರು. ಒಳಗೆ ಹಲಗೆಯ ಮೇಲೆ ಹೊನ್ನೂರಸಾಬ. ದಾದು ಯಾರ ಮುಖವನ್ನೂ ನೋಡದೆ ಬಂದ, ತೋಳು ಮಡಚಿದ, ಬೋರೆ ಎಲೆ ಹಾಕಿದ ಬಿಸಿನೀರಿನ ಕೊಡ ಎತ್ತಿಕೊಂಡು ಪರದೆಯೊಳಗೆ ಹೋದ. ಜೊತೆಗೆ ಬರಲು ಹೊರಟ ಹಜರತರಿಗೆ, "ನಾನೊಬ್ಬನ ಸಾಕು," ಎಂದ.

ಮಾಬುನ್ನಿ ಪರದೆಯ ಹೊರಗೆ ಕೊಡಗಳ ಪಕ್ಕದಲ್ಲಿ ಕೂತಳು. ಚಾದರ ನೆಲಕ್ಕೆ ಗೇಣು ಮೇಲಿತ್ತು. ತಮ್ಮನ ಪಾದ ಕಾಣುತ್ತಿತ್ತು. ಬೀರಲಿಂಗೇಶ ಗೋಡೆ ಬಿಟ್ಟು ಎದ್ದು ಬಂದು ಅವಳ ಹತ್ತಿರವೇ ನಿಂತ. ಬೊಮ್ಮಮ್ಮ ಬಂದು ಅವಳ ಬೆನ್ನು ಸವರುತ್ತಿದ್ದಳು.

ಒಳಗಿನಿಂದ ಅಂಗಿ ಹರಿದ ಸದ್ದು ಬಂತು. ನೀರು ಬೀಳಬೇಕಾಗಿತ್ತು, ಬೀಳಲಿಲ್ಲ. ದಾದುವಿನ ಪಾದಗಳು ಅಲುಗಲಿಲ್ಲ. ಮಾಬುನ್ನಿ ಮನಸ್ಸಿನಲ್ಲೇ ಹಾಕು, ನೀರು ಹಾಕು ಎನ್ನುತ್ತಿದ್ದಳು. ನೋಡನೋಡುತ್ತಿದ್ದಂತೆ ಆ ಪಾದಗಳು ಮಡಚಿ ಎರಡು ಮೊಣಕಾಲು ನೆಲಕ್ಕೆ ಬಂದವು.

"ಏನಾತಲೇ?" ಎಂದ ಬೀರಲಿಂಗೇಶ.

ತುಸು ಹೊತ್ತಿನ ಮೇಲೆ ನೀರಿನ ಸದ್ದು ಶುರುವಾಯಿತು. ಒಂದು ಸಲ, ಎರಡು, ಮೂರು. ಪರದೆಯ ಕೆಳಗಿಂದ ಹರಿದು ಬಂದ ನೀರು ಮಾಬುನ್ನಿಯ ಕಾಲು ತೋಯಿಸಿತು. ಮುಗಿಯಿತು, ಇನ್ನು ಕಫನ್ ಬಟ್ಟೆ ಸುತ್ತಿಬಿಟ್ಟರೆ ಆಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ದಾದುವಿನ ದನಿ ಕೇಳಿತು. ಅದು ಅವನ ದನಿಯಂತೆಯೇ ಇರಲಿಲ್ಲ.

"ಬೀರಲಿಂಗೇಶ. ನೀರು ಹಾಕ್ತೀನಿ ಅಂದ್ಯಲ್ಲ. ಬಾ."

"ಬ್ಯಾಡ ದಾದು," ಎಂದು ಮಾಬುನ್ನಿ ಎದ್ದುಬಿಟ್ಟಳು.

"ಬರಲಿ. ನೋಡಲಿ."

ಅವಳು ಬೀರಲಿಂಗೇಶನ ಅಂಗಿಯ ತುದಿ ಹಿಡಿದಳು. ಏನು ಹೇಳಿ ತಡೆಯಬೇಕೆಂದು ತೋಚಲಿಲ್ಲ. ಅವನು ಮೆಲ್ಲಗೆ ಬಿಡಿಸಿಕೊಂಡು ಚೊಂಬು ತುಂಬಿಕೊಂಡ, ಪರದೆ ಸರಿಸಿ ಒಳಗೆ ಹೋದ.

ಈಗ ಕೆಳಗೆ ನಾಲ್ಕು ಪಾದ. ಗ್ರೀಸು ಹತ್ತಿದ ಎರಡು ಪಾದಗಳು ಹಲಗೆಯ ತನಕ ನಡೆದು ನಿಂತವು. ಒಂದು ಹೆಜ್ಜೆ ಹಿಂದೆ ಬಂದವು. ಒಳಗೆ ದಾದು ಏನೋ ಹೇಳಿದ. ತಗ್ಗಿದ ದನಿ, 'ನಾನ' ಎಂಬುದೊಂದರ ಹೊರತು ಹೊರಗೆ ತಿಳಿಯಲಿಲ್ಲ. ಮಾಬುನ್ನಿ ಬೊಮ್ಮಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆ ಮುದುಕಿ ನೋವಿಗೆ ಮುಖ ಕಿವುಚಿದಳು. ಅಂಗಳದ ಹುಡುಗರು ಒಬ್ಬೊಬ್ಬರಾಗಿ ಹತ್ತಿರ ಬರುತ್ತಿದ್ದರು.

"ಬೀರಣ್ಣ, ನಾವೂ ಬರ್ತೀವಿ," ಎಂದು ಅವರಲ್ಲಿ ಒಬ್ಬ ಚೊಂಬು ಹಿಡಿದು ಪರದೆಯ ಅಂಚಿಗೆ ಕೈ ಹಾಕಿದ. ಚಾದರ ಅರ್ಧ ಮೊಳ ಸರಿಯಿತು.

ಒಳಗಿನಿಂದ ಕೈಯೊಂದು ಬಂದು ಆ ಅಂಚನ್ನು ಹಿಡಿಯಿತು.

"ಸಾಕು. ಅಲ್ಲೇ ನಿಲ್ರಿ," ಎಂದ ಬೀರಲಿಂಗೇಶ. ದನಿ ಒಡೆದಿತ್ತು. "ನಿಮ್ಮ ಪಾಲಿಂದೂ ನಾನ ಹಾಕ್ತೀನಿ. ಚೊಂಬು ಕೊಡ್ರಿ."

ಹೊರಗಿನಿಂದ ಒಂದೊಂದಾಗಿ ಚೊಂಬುಗಳು ಒಳಗೆ ಹೋದವು. ಅವನ ಬಲಗೈ ತೆಗೆದುಕೊಳ್ಳುತ್ತಿತ್ತು, ನೀರು ಬೀಳುತ್ತಿತ್ತು, ಖಾಲಿ ಚೊಂಬು ಹೊರಗೆ ಬರುತ್ತಿತ್ತು. ಎಡಗೈ ಮಾತ್ರ ಪರದೆಯ ಎರಡೂ ಅಂಚುಗಳನ್ನು ಸೇರಿಸಿ, ಗೆಣ್ಣುಗಳು ಬೆಳ್ಳಗಾಗುವ ಹಾಗೆ ಬಿಗಿಹಿಡಿದೇ ಇತ್ತು.