ಜೀರ್ಣೋದ್ಧಾರ ಎಂಬ ಶಬ್ದ

ವಿಜೇತಾ ಇಪ್ಪತ್ತೆರಡು ವರ್ಷಗಳಲ್ಲಿ ಬರೆದ ವರದಿಗಳನ್ನು ಒಟ್ಟಿದರೆ ಆಳೆತ್ತರ ಆದೀತು. ಅಷ್ಟೆಲ್ಲ ವರದಿಗಳಲ್ಲಿ ಒಂದೇ ಒಂದು ಶಬ್ದ ಅವಳ ಕುತ್ತಿಗೆಗೆ ಉರುಳಾಯಿತು. ಅದೂ ತಾನೇ ಕೈಯಾರೆ ಬರೆದದ್ದು.

ಕಾರವಾರದಲ್ಲಿ ಅವಳದೊಂದು ಸಣ್ಣ ಆಫೀಸು. ತನ್ನ ಜೊತೆಗೆ ಓದಿ ಆರ್ಕಿಟೆಕ್ಟ್ ಆದವರೆಲ್ಲ ಫ್ಲ್ಯಾಟು ಕಟ್ಟಿ ಕಾರಿನ ಮೇಲೆ ಕಾರು ಕೊಂಡರೆ, ಇವಳು ಶಾಲೆ ಕಾಲೇಜುಗಳ ಹಳೆಯ ಕಟ್ಟಡಗಳ ಬೆನ್ನು ಹತ್ತಿದಳು. ಯಾರೋ ಮೆತ್ತಿಹೋದ ಸಿಮೆಂಟು ಕೆರೆಸಿ, ಕೆಂಪು ಚಿರೇಕಲ್ಲಿನ ಗೋಡೆಗೆ ಸುಣ್ಣದ ಗಾರೆಯನ್ನೇ ಕೊಡಿಸುವ ಹಟ. ಅವಳ ಊರು ಶೆಟಗೇರಿಯ ನೆಂಟರು ‘ಹಳೇ ಗೋಡೆ ಡಾಕ್ಟರು’ ಎಂದು ಕಾಡಿಸುತ್ತಿದ್ದರು. ಕಾಡಿಸಲಿ ಬಿಡಿ. ಅವಳು ಕೈ ಹಚ್ಚಿದ ಒಂದು ಗೋಡೆಯೂ ಈವರೆಗೆ ಬಿದ್ದಿಲ್ಲ.

ಆ ಮಂಗಳವಾರ ಬೆಳಿಗ್ಗೆ ಹೊನ್ನು ಫೋನು ಮಾಡಿದಳು. ಅಂಕೋಲೆಯ ಹಳೇ ಹೈಸ್ಕೂಲಿನ ಗ್ರಂಥಾಲಯ ನೋಡಿಕೊಳ್ಳುವವಳು ಅವಳು.

“ವಿಜೇತಕ್ಕಾ, ಲೈಬ್ರರಿ ಕೆಡವೂಕೆ ಜೆಸಿಬಿ ಬಂದದೆ. ನೀವೇ ಬರ್ದು ಕೊಟ್ಟೀರಿ ಹೇಳಿ ಹೇಳ್ತಾರೆ. ಹೌದನ?”

ಕೂಡಲೇ ಹೊರಟವಳಿಗೆ ದಾರಿಯ ಅಮದಳ್ಳಿ, ಹಾರವಾಡ ದಾಟಿದ್ದು ಗೊತ್ತೇ ಆಗಲಿಲ್ಲ. ಹೋಗಿ ನೋಡಿದರೆ ಜೆಸಿಬಿ ಗುರುಗುಡುತ್ತಿತ್ತು. ಹೈಸ್ಕೂಲು ನಡೆಸುವ ಸಂಸ್ಥೆಯ ಅಧ್ಯಕ್ಷ ಮಂಗೇಶಣ್ಣ, ಗ್ರಂಥಾಲಯದ ಬಗ್ಗೆ ಅವಳೇ ಬರೆದುಕೊಟ್ಟ ವರದಿ ಹಿಡಿದು ನಿಂತಿದ್ದರು.

“ಯಾರು ಹೇಳಿದ್ರು ಕೆಡವೂಕೆ?”

“ನೀವೇ ಮಾರಾಯ್ರೆ! ಇಲ್ಲಿ ನೋಡಿ, ‘ಈ ಕಟ್ಟಡದ ಜೀರ್ಣೋದ್ಧಾರ ಕೂಡಲೇ ಆಗತಕ್ಕದ್ದು’. ನಮ್ ಬದಿ ಯಾವ ದೇವಸ್ಥಾನದ್ದಾದ್ರೂ ಜೀರ್ಣೋದ್ಧಾರ ಹೇಳಿದ್ರೆ ಎಂತಾ? ಹಳೇದು ತೆಗ್ದು ಹೊಸಾದು ಕಟ್ಟೂದೇ ಅಲ್ವಾ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶೆಟಗೇರಿಯ ಹೆಂಚಿನ ಗುಡಿಯನ್ನು ಅದೇ ಹೆಸರಿನಲ್ಲಿ ನೆಲಸಮ ಮಾಡಿ ಸ್ಲ್ಯಾಬು ಹಾಕಿದ್ದನ್ನು ವಿಜೇತಾಳೇ ಕಂಡಿದ್ದಳು. ದುರಸ್ತಿ ಎಂದು ಬರೆದರೆ ಸಪ್ಪೆಯಾದೀತೆಂದು, ಸಮಿತಿಯವರ ಕಿವಿಗೆ ಇಂಪಾಗಲಿ ಎಂದು ದೊಡ್ಡ ಶಬ್ದ ಹುಡುಕಿದ್ದಳು. ತನ್ನ ಮೇಲೇ ಅವಳಿಗೆ ಅಸಾಧ್ಯ ಸಿಟ್ಟು ಬಂತು.

“ತಪ್ಪು ನಂದು, ಮಂಗೇಶಣ್ಣ. ಕೊಡಿ ಇಲ್ಲಿ.”

ವರದಿ ಇಸಿದುಕೊಂಡು ಆ ಶಬ್ದವನ್ನು ಹೊಡೆದು ಹಾಕಿದಳು.

ಮಂಗೇಶಣ್ಣ ದನಿ ಇಳಿಸಿದರು. “ಮೇಡಂ, ಕಾರವಾರದ ನಮ್ ಕಾಲೇಜಿನ ಇಡೀ ಕೆಲ್ಸ ನಿಮ್ಗೇ ಕೊಡ್ಬೇಕು ಹೇಳಿ ಮಾಡಿದ್ದೆ. ಹೀಂಗೆ ಎಲ್ಲರೆದ್ರು ತಪ್ಪು ಒಪ್ಕಂಡ್ರೆ ನಾಳೆ ನಿಮ್ ಕಾಗ್ದ ಯಾರು ನಂಬೂದು?”

ಐದು ವರ್ಷದ ಕೆಲಸ ಅದು. ಅವಳಿಗೆ ಅದು ಬೇಕೇ ಬೇಕಿತ್ತು.

“ನಂಬ್ದೇ ಇರ್ಲಿ” ಎಂದವಳೇ ಜೆಸಿಬಿಯ ಮೂತಿಯ ಮೇಲೇ ಕಾಗದ ಇಟ್ಟು ಬರೆದಳು. ಬರೆದದ್ದನ್ನು ಡ್ರೈವರನಿಗೆ ಕೇಳುವಂತೆ ಕೂಗಿ ಓದಿದಳು: “ಗೋಡೆ ಗಟ್ಟಿ ಅದೆ. ಒಡೆದ ಹೆಂಚು ಬದಲ್ಸಿ, ಸುಣ್ಣದ ಗಾರೆ ಮಾಡಿ. ಕೆಡವೂಕಿಲ್ಲ.” ವರದಿಯಲ್ಲಿ ಊರಮಾತು ಬರೆದದ್ದು ಅವಳ ಜೀವಮಾನದಲ್ಲೇ ಮೊದಲು. ಕೆಳಗೆ ಸಹಿ ಜಡಿದಳು.

ಡ್ರೈವರ ಇಂಜಿನ್ ಬಂದ್ ಮಾಡಿದ. “ಕಾಗ್ದ ಸಮ ಆಗೂತನ್ಕ ನಾ ಮುಟ್ಟೂದಿಲ್ಲ” ಎಂದ.

ಮಂಗೇಶಣ್ಣನ ಮುಖ ಕೆಂಪಾಯಿತು. “ಬೇರೆ ಇಂಜಿನಿಯರ್ ತರ್ತೆ! ಅವ ಬರ್ದು ಕೊಡ್ತ!”

“ತನ್ನಿ. ನಾ ಒಳ್ಗೇ ಇರ್ತೆ.”

ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಿ ಒಳಹೋಗಿ, ಬಾಗಿಲಿಗೆದುರಾಗಿ ಕುರ್ಚಿ ಎಳೆದುಕೊಂಡು ಕೂತಳು.

“ಎಷ್ಟು ದಿವ್ಸ ಕೂತ್ಕಂತ್ರಿ? ನಾನೂ ನೋಡ್ತೆ!”

ವಿಜೇತಾ ಹಿಂದೆ ಕಪಾಟಿನ ಬಳಿ ನಿಂತಿದ್ದ ಹೊನ್ನುವಿನತ್ತ ತಿರುಗಿದಳು. “ಹೊನ್ನೂ, ಇಲ್ಲಿ ಎಷ್ಟು ಪುಸ್ತಕ ಅದೆ?”

“ಹನ್ನೊಂದು ಸಾವ್ರದ ಮೇಲೆ ಅದೆ, ಅಕ್ಕಾ.”

“ಒಂದನೇ ನಂಬರಿಂದು ತಕಂಡು ಬಾ.”