ಬ್ಯಾಡ ಅನ್ನು ಅಂದರು

"ಏನೇ ಮುಂಡೇದೇ, ತಲೆ ಎತ್ತಿ ಯಾರನ್ನ ನೋಡ್ತೀಯಾ? ಈರುಳ್ಳಿ ನಿಮ್ಮಪ್ಪ ಎದ್ದು ಬಂದು ಕೊಯ್ತಾನಾ?"

ರುದ್ರಮುನಿ ಗೌಡ ಬದುವಿನ ಮೇಲೆ ನಿಂತು ಕೂಗಿದ್ದಕ್ಕೆ ಶೈಲಾಳ ಕೈಯಲ್ಲಿದ್ದ ಕುಡುಗೋಲು ಜಾರಿತು. ಹುಡುಗಿ ತಲೆ ಬಗ್ಗಿಸಿ ಮತ್ತೆ ಈರುಳ್ಳಿಯ ಸೊಪ್ಪು ಕತ್ತರಿಸತೊಡಗಿದಳು. ಪಕ್ಕದ ಸಾಲಿನಲ್ಲಿದ್ದ ಅವಳ ತಾಯಿ ಭೀಮಕ್ಕ ಮಗಳ ಬೆರಳು ಕುಯ್ದುಹೋಯಿತೇನೋ ಎಂದು ಕಣ್ಣಲ್ಲೇ ಹುಡುಕಿದಳು. ಶೈಲಾಳ ಅಪ್ಪ ಸತ್ತು ಇನ್ನೂ ಮಳೆಗಾಲ ಕಳೆದಿಲ್ಲ.

ಹೊಲದ ತುಂಬ ಕೇರಿಯ ಮಕ್ಕಳೇ ಇದ್ದರು. ಕೊರೊನಾಕ್ಕೆ ಶಾಲೆ ಮುಚ್ಚಿದ ಮೇಲೆ ಗೌಡನ ಟ್ರ್ಯಾಕ್ಟರ್ ದಿನಾ ಬೆಳಿಗ್ಗೆ ಕೇರಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಮಕ್ಕಳು ಟ್ರೈಲರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬರುತ್ತಿದ್ದರು. ದೊಡ್ಡವರಿಗೆ ಕೊಡುವುದರ ಅರ್ಧ ಕೂಲಿ ಅವಕ್ಕೆ.

"ಭೀಮಿ, ಬಾ ಇಲ್ಲಿ."

ಭೀಮಕ್ಕ ಕೈ ಒರೆಸಿಕೊಳ್ಳುತ್ತ ಹೋದಳು.

"ಅಲ್ಲೇ, ಅಲ್ಲೇ ನಿಂತ್ಕ. ಮೈಮೇಲೆ ಬರಬ್ಯಾಡ." ಗೌಡ ಗದ್ದದ ಕೆಳಗಿದ್ದ ಮಾಸ್ಕನ್ನು ಮೂಗಿಗೆ ಏರಿಸಿದ. "ಸೋಮವಾರದಿಂದ ಇಸ್ಕೂಲ್ ತೆಗೀಬೇಕು ಅಂತ ಆ ಹೆಡ್ ಮೇಡಂ ಕುಣೀತಿದಾಳೆ. ಸಂಜೆ ಮೀಟಿಂಗ್ ಐತೆ. ಅಪ್ಪ ಅವ್ವ ಒಪ್ಪಿದ್ರೇನೇ ಮಕ್ಳನ್ನ ಸೇರಿಸ್ಕಳಾಕೆ ಬರೋದು. ನೀನು ಎದ್ದು ನಿಂತು ಬ್ಯಾಡ ಅನ್ನು. ಗಂಡನ್ನ ಕಳ್ಕಂಡೋಳು ನೀನು. ನೀನು ಬ್ಯಾಡ ಅಂದ್ರೆ ಕೇರಿನೂ ಬ್ಯಾಡ ಅಂತೈತೆ."

"ಆತು ಗೌಡ್ರೇ."

"ಇನ್ನೊಂದು. ನಮ್ ಟ್ರ್ಯಾಕ್ಟರ್ ಪರಮೇಶ ನಿನ್ ಮಗಳನ್ನ ಕೇಳ್ತಿದಾನೆ. ನಿಮ್ ಪೈಕಿನೇ. ಖರ್ಚೆಲ್ಲಾ ನಂದು."

ಪರಮೇಶ ಭೀಮಕ್ಕನ ವಾರಿಗೆಯವನು. ಕಟ್ಟಿಕೊಂಡವಳು ಹೊಡೆತ ತಾಳದೆ ತವರಿಗೆ ಹೋಗಿದ್ದಳು.

"ಏಳನೇ ಕ್ಲಾಸು ಗೌಡ್ರೇ ಅದು. ಇನ್ನಾ ಕೂಸು."

"ಯಾವ ಕ್ಲಾಸಲೇ? ಇಸ್ಕೂಲೇ ಇಲ್ಲ, ಕ್ಲಾಸಂತೆ!" ಗೌಡ ನಕ್ಕ. "ಈರುಳ್ಳಿ ಮುಗುದ ಮ್ಯಾಲೆ ಗುಡೀಲಿ ತಾಳಿ ಕಟ್ಟಿಸಾನ. ಹೋಗು, ಕೆಲ್ಸ ನೋಡು."

ಭೀಮಕ್ಕ ಸಾಲಿಗೆ ಮರಳಿದಳು. ಪಕ್ಕದ ಮನೆಯ ಚೌಡೇಶ್ವರಿ ಸೊಪ್ಪು ಗುಡ್ಡೆ ಹಾಕುತ್ತಿದ್ದಳು. ಹೋದ ವರ್ಷದವರೆಗೆ ಶೈಲಾಳ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಶಾಲೆ ಮುಚ್ಚಿತೆಂದು ಅವಳಪ್ಪ ಮದುವೆ ಮಾಡಿ ಮುಗಿಸಿದ್ದ. ಈಗ ಬಸುರಿ. ಬಗ್ಗಲಾಗದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಭೀಮಕ್ಕ ಅತ್ತ ನೋಡದೆ ಕುಡುಗೋಲು ಹಿಡಿದಳು.

ಶಾಲೆ ಬ್ಯಾಡ ಅನ್ನುವುದು ಭೀಮಕ್ಕನಿಗೆ ಕಷ್ಟವೇನಿರಲಿಲ್ಲ. ಅವಳ ಎದೆಯಲ್ಲಿದ್ದ ಮಾತೂ ಅದೇ. ಎರಡನೇ ಅಲೆಯಲ್ಲಿ ಅವಳ ಗಂಡ ಆಂಜನೇಯ ಬೆಂಗಳೂರಿನ ಕಟ್ಟಡದ ಕೆಲಸ ಬಿಟ್ಟು ಊರಿಗೆ ಬಂದಾಗ, ಊರವರು ಬಸ್‌ಸ್ಟಾಂಡಿನಿಂದಲೇ ಅವನನ್ನು ಶಾಲೆಗೆ ಅಟ್ಟಿದ್ದರು. ಮೂಲೆಯ ಕೋಣೆಯಲ್ಲಿ ಬೆಂಚು ಜೋಡಿಸಿ ಮಲಗಿಸಿದ್ದರು. ಭೀಮಕ್ಕ ಕಿಟಕಿಯ ಸರಳಿನೊಳಗಿಂದ ಗಂಜಿಯ ಲೋಟ ದಾಟಿಸುತ್ತಿದ್ದಳು. ಜಗಳೂರಿಂದ ಆಂಬುಲೆನ್ಸ್ ಬರುತ್ತದೆ, ಬಂತು, ದಾರಿಯಲ್ಲಿದೆ ಎನ್ನುತ್ತಲೇ ಇದ್ದರು. ಮೀನಿನ ಹಾಗೆ ಬಾಯಿ ತೆರೆದು ತೆರೆದು ಅವನು ಕಿಟಕಿಯ ಕಡೆ ನೋಡಿದ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಸತ್ತ ಮೇಲೂ ಅವಳಿಗೆ ಅವನ ಮುಖ ತೋರಿಸಲಿಲ್ಲ.

ಅಂಥ ಕಟ್ಟಡದೊಳಕ್ಕೆ ಇದ್ದೊಬ್ಬ ಮಗಳನ್ನು ಹೇಗೆ ಕಳಿಸುವುದು?

ಸಂಜೆ ಶಾಲೆಯ ಅಂಗಳದಲ್ಲಿ ಊರವರು ಕುರ್ಚಿಗಳಲ್ಲಿ ಕೂತರು. ಕೇರಿಯವರು ಕಾಂಪೌಂಡಿನ ಪಕ್ಕ ನೆಲದ ಮೇಲೆ ಕೂತರು. ಹೆಡ್ ಮೇಡಂ ಸಂಧ್ಯಾರಾಣಿ ಸರ್ಕಾರದ ಆದೇಶ ಹೇಳಿದರು. ಕೋಣೆಗಳಿಗೆ ಔಷಧಿ ಹೊಡೆಸಿದೆ, ಒಂದು ಬೆಂಚಿಗೆ ಒಂದೇ ಮಗು ಎಂದರು.

"ಚನ್ನಗಿರಿ ಕಡೆ ಮೇಷ್ಟ್ರಿಗೇ ಪಾಸಿಟಿವ್ ಅಂತೆ" ಎಂದಳು ನೇತ್ರಾವತಿ. ಅವಳ ಮಗನಿಗೆ ಉಬ್ಬಸ. "ನನ್ ಕೂಸಿಗೆ ಏನಾರಾದ್ರೆ ನೀವು ತಂದ್ಕೊಡ್ತೀರಾ ಮೇಡಂ?"

"ಹೊನ್ನಾಳಿ ಕಡೆ ತೆಗೆದು ವಾರ ಆತಂತೆ, ಏನೂ ಆಗಿಲ್ಲ" ಎಂದ ಕಿರಾಣಿ ಅಂಗಡಿಯ ಶಿವಮೂರ್ತಪ್ಪ. "ಸಂತೆ ತೆಗೆದೈತೆ, ಬಾರ್ ತೆಗೆದೈತೆ. ಇಸ್ಕೂಲಿಗೇನು ರೋಗ?"

ರುದ್ರಮುನಿ ಗೌಡ ಎದ್ದ. "ನೋಡ್ರಪಾ, ಓದು ಇವತ್ತಲ್ಲ ನಾಳೆ ಬರ್ತೈತೆ. ಹೋದ ಜೀವ ಬರ್ತೈತಾ? ಒಂದೇ ಕೋಣೇಲಿ ಮಕ್ಳನ್ನ ತುಂಬಾದು ಪಾಪ. ದೀಪಾವಳಿ ಕಳೀಲಿ, ಆಮೇಲೆ ನೋಡಾನ." ಅವನ ದನಿ ಒದ್ದೆಯಾಯಿತು. ಅವನ ಇಬ್ಬರು ಮೊಮ್ಮಕ್ಕಳಿಗೆ ಇದೇ ಶಾಲೆಯ ಅರುಣ್ ಕುಮಾರ್ ಮೇಷ್ಟ್ರು ದಿನಾ ಮನೆಗೆ ಹೋಗಿ ಪಾಠ ಹೇಳುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. "ಬೇಕಾರೆ ನಮ್ ಆಂಜನೇಯನ ಹೆಂಡ್ತಿನೇ ಹೇಳ್ಲಿ" ಎಂದ ಗೌಡ. "ಏಳೇ ಭೀಮಿ."

ಭೀಮಕ್ಕ ಎದ್ದಳು. ಎದುರಿಗೇ ಆ ಮೂಲೆಯ ಕೋಣೆ. ಅದೇ ಕಿಟಕಿ.

"ನಂಗೆ ಹೆದ್ರಿಕೆ ಐತೆ" ಎಂದಳು.

"ಕೇಳಿದ್ರಾ?" ಗೌಡ ಎಲ್ಲರ ಕಡೆ ತಿರುಗಿದ. "ಸಾಕು, ಕುಂತ್ಕ."

ಭೀಮಕ್ಕ ಕೂರಲಿಲ್ಲ.

"ಮಾತು ಮುಗಿದಿಲ್ಲ ಗೌಡ್ರೇ." ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. "ಈ ಕೋಣೆ ನೋಡಿದ್ರೆ ನನ್ ಕೈಕಾಲು ತಣ್ಣಗಾಗ್ತವೆ. ಆದ್ರೆ ಟ್ರ್ಯಾಕ್ಟರ್‌ನಾಗೆ ಕೇರಿ ಮಕ್ಳನ್ನೆಲ್ಲಾ ಕುರಿ ತುಂಬ್ದಂಗೆ ತುಂಬ್ತೀರಲ್ಲಾ, ಅಲ್ಲಿ ಬರಂಗಿಲ್ವಾ ರೋಗ? ನಿಮ್ಮ ಈರುಳ್ಳಿಗೆ ಹೆದರ್ಕಂಡು ಓಡೋಗ್ತೈತಾ?"

ನೆಲದ ಮೇಲೆ ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಇಸ್ಕೂಲಿಗೆ ಹೋದ್ರೆ ರೋಗ ಬಂದ್ರೂ ಬಂತು, ಬರ್ದಿದ್ರೂ ಇಲ್ಲ. ನಿಮ್ ಹೊಲಕ್ಕೆ ಬಂದ್ರೆ ಪರಮೇಶ ಬರಾದು ಗ್ಯಾರಂಟಿ. ನನ್ ಮಗಳು ಇಸ್ಕೂಲಿಗೆ ಬರ್ತಾಳೆ ಮೇಡಂ. ಬರ್ಕಳ್ರಿ."

"ಲೇ ಬೋಸುಡೀ!" ಗೌಡ ಒದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ನಾಲಿಗೆ ಉದ್ದ ಆತಾ? ನಾಳೆಯಿಂದ ಇವಳ ಕೇರಿಯೋರು ಒಬ್ರೂ ನನ್ ಹೊಲಕ್ಕೆ ಕಾಲಿಡಂಗಿಲ್ಲ. ಒಲೆ ಹೆಂಗೆ ಉರೀತೈತೆ ನೋಡ್ತೀನಿ ಸೂಳೆಮಕ್ಳಾ."

ಮಾರನೆಯ ದಿನ ಟ್ರ್ಯಾಕ್ಟರ್ ಬರಲಿಲ್ಲ. ಚೌಡೇಶ್ವರಿಯ ಅತ್ತೆ ದ್ಯಾಮಮ್ಮ ಭೀಮಕ್ಕನ ಬಾಗಿಲಿಗೆ ಬಂದು ಮಣ್ಣು ತೂರಿದಳು. "ನಿನ್ ಮಗಳು ಓದಿ ಡಿಸಿ ಆಗಾಕೆ ನಾವು ಉಪಾಸ ಸಾಯ್ಬೇಕೇನೇ?" ಭೀಮಕ್ಕ ಪೊರಕೆ ತಂದು ಆ ಮಣ್ಣನ್ನು ಗುಡಿಸಿದಳು. ಭಾನುವಾರದ ಹೊತ್ತಿಗೆ ಕೇರಿಯ ಗಂಡಸರು ಗೌಡನ ಮನೆಯ ಮುಂದೆ ಕೈಕಟ್ಟಿ ನಿಂತು ಬಂದರು. ಮಕ್ಕಳನ್ನು ಹೊಲಕ್ಕೇ ಕಳಿಸುತ್ತೇವೆ, ದೊಡ್ಡವರಿಗೂ ಕೆಲಸ ಕೊಡಿ ಎಂದರಂತೆ.

ಸೋಮವಾರ ಶಾಲೆಗೆ ಕೇರಿಯಿಂದ ಬಂದದ್ದು ಶೈಲಾ ಒಬ್ಬಳೇ. ಹೆಡ್ ಮೇಡಂ ಅವಳ ಹಣೆಗೆ ಗನ್ನಿನಂಥ ಯಂತ್ರ ಹಿಡಿದು ಒಳಗೆ ಬಿಟ್ಟರು. ಏಳನೇ ತರಗತಿಗೆ ಕೊಟ್ಟದ್ದು ಮೂಲೆಯ ಕೋಣೆ. ಶೈಲಾ ಹೊಸ್ತಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ಭೀಮಕ್ಕನಿಗೆ ಓಡಿಹೋಗಿ ಎಳೆದು ತರಬೇಕೆನಿಸಿತು. "ಹೋಗವ್ವಾ" ಎಂದಳು. ಕೈಬೀಸಿದಳು.

ಪಾಠ ಶುರುವಾಯಿತು. ಭೀಮಕ್ಕ ಮನೆಗೆ ಹೋಗಲಾರದೆ ಗೇಟಿನ ಹೊರಗೇ ಕುಕ್ಕರುಗಾಲಲ್ಲಿ ಕೂತಿದ್ದಳು. ಆಗ ಬೈಕಿನ ಸದ್ದಾಯಿತು. ಮುಂದೆ ಪರಮೇಶ, ಹಿಂದೆ ಗೌಡ.

"ಆ ಹುಡುಗೀನ ಕರ್ಕಂಡು ಬಾರಲೇ" ಎಂದ ಗೌಡ. "ಕೇರಿಗೆಲ್ಲಾ ಒಂದು, ಇವಳಿಗೊಂದಾ?"

ಒಳಗೆ ಕಿಟಕಿಯಲ್ಲಿ ಅರುಣ್ ಕುಮಾರ್ ಮೇಷ್ಟ್ರ ಮುಖ ಕಂಡು ಮರೆಯಾಯಿತು. ಹೆಡ್ ಮೇಡಂ ಫೋನು ಕಿವಿಗಿಟ್ಟುಕೊಂಡು ವರಾಂಡಕ್ಕೆ ಬಂದರು. ಅತ್ತಲಿಂದ ಯಾರೂ ಎತ್ತಿದಂತೆ ಕಾಣಲಿಲ್ಲ.

ಭೀಮಕ್ಕ ಎದ್ದಳು. ಗೇಟನ್ನು ಎಳೆದು ಚಿಲಕ ಹಾಕಿ, ಬೆನ್ನನ್ನು ಅದಕ್ಕೆ ಕೊಟ್ಟು ನಿಂತಳು.

"ಸರಿಯೇ ಅತ್ಲಾಗೆ" ಎಂದು ಪರಮೇಶ ಬೈಕಿನಿಂದ ಇಳಿದ.

ಭೀಮಕ್ಕ ಎರಡೂ ಕೈ ಹಿಂದೆ ಚಾಚಿ ಸರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.